ಪುಸ್ತಕ ಮೇಳದಲ್ಲಿ ಅರ್ಧ ಓದಿದ ಕಥೆ

ಮಗಳ ಶಾಲೆಯಿಂದ ಪ್ರತಿ ಶುಕ್ರವಾರ ಒಂದು ಹಾಳೆ ಬರುತ್ತದೆ. ಎರಡೂ ಬದಿ ಅಚ್ಚಾಗಿ ನಡುವೆ ಮಡಚಿದ ಹಾಳೆ. ಮೇಲೆ ‘ಶಾಲಾ ವಾರ್ತೆ’ ಎಂದಿರುತ್ತದೆ. ಆ ಶುಕ್ರವಾರ ಸಂಜೆ ನಾನು ಕೆ.ಆರ್. ಪುರದ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದೆ. ಎರಡನೇ ತರಗತಿಯಲ್ಲಿರುವ ಮಗಳು ಗೋಡೆಗೆ ಒರಗಿ ನಿಂತು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದನೇ ತರಗತಿಯಲ್ಲಿ ಇಬ್ಬರಿಗೆ ಚಿಕನ್‌ಪಾಕ್ಸ್ ಆಗಿದೆ, ಜ್ವರ ಬಂದ ಮಕ್ಕಳನ್ನು ಕಳಿಸಬೇಡಿ. ನೀಲಿ ಬಣ್ಣದ ನೀರಿನ ಬಾಟಲಿಯೊಂದು ಸಿಕ್ಕಿದೆ, ಕಳೆದುಕೊಂಡವರು ಬಂದು ತೆಗೆದುಕೊಳ್ಳಿ. ಬೆಳಿಗ್ಗೆ ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ. ಮುಂದಿನ ಶನಿವಾರ ಪುಸ್ತಕ ಮೇಳ. ಅದರಲ್ಲಿ ಬಂದ ಹಣದಿಂದ ಓದುವ ಕೋಣೆಯ ಸೋರುವ ಚಾವಣಿ ರಿಪೇರಿ ಮಾಡಿಸಲಾಗುವುದು, ಎಲ್ಲರೂ ಬನ್ನಿ.

ಆಮೇಲೆ ಅವಳು ದನಿ ಏರಿಸಿದಳು. “ಬೆಳಿಗ್ಗೆ ಹನ್ನೊಂದು ಗಂಟೆಗೆ ಕಥಾ ಸಮಯ. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಕಥೆ ಓದುವವರು…” ಎಂದು ಅಲ್ಲಿಗೇ ನಿಲ್ಲಿಸಿ, ನನ್ನ ಮುಖ ನೋಡಿ, ನನ್ನ ಹೆಸರು ಓದಿದಳು.

ಒಂದು ಶೂ ಕಾಲಲ್ಲೇ ಇತ್ತು. ಎದ್ದು ಹೋಗಿ ಹಾಳೆ ತೆಗೆದುಕೊಂಡು ನೋಡಿದೆ. ನನ್ನ ಹೆಸರೇ. ಇನಿಷಿಯಲ್ ಸಮೇತ.

“ಮಿಸ್ ಕೇಳಿದ್ರು, ಯಾರ ಮನೇಲಿ ಚೆನ್ನಾಗಿ ಕಥೆ ಓದ್ತಾರೆ ಅಂತ. ನಾನೇ ಫಸ್ಟು ಕೈ ಎತ್ತಿದ್ದು,” ಎಂದಳು ಮಗಳು.

ನನಗೆ ಉಗ್ಗು ಇದೆ. ಮೂವತ್ತೆಂಟು ವರ್ಷದ ನಾನು ಇದನ್ನು ಹೀಗೆ ಪೂರ್ತಿ ಬರೆದು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ಗದಗಿನ ಕಡೆಯ ನಮ್ಮೂರಿನ ಶಾಲೆಯಲ್ಲಿ ಹುಡುಗರು ನನ್ನನ್ನು ಕರೆಯುತ್ತಿದ್ದ ಹೆಸರೇ ಅದು. ಹಾಜರಿ ಹೇಳಲು ಆಗದೆ ಗೈರುಹಾಜರಿ ಹಾಕಿಸಿಕೊಂಡ ದಿನಗಳಿವೆ. ದೊಡ್ಡವನಾದಂತೆ ಅದು ಹೋಗಲಿಲ್ಲ, ಮುಚ್ಚಿಡುವುದನ್ನು ಕಲಿತೆ. ಕಕಾರ, ಪಕಾರ, ಬಕಾರದಿಂದ ಶುರುವಾಗುವ ಮಾತು ಎದುರಾದರೆ ಗಂಟಲು ಹಿಡಿದುಕೊಳ್ಳುತ್ತದೆ. ಉಸಿರು ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಹಾಗಾಗಿ ಒಂದು ಮಾತು ಬರುವ ಮುಂಚೆಯೇ ಅದರ ಬದಲಿಗೆ ಇನ್ನೊಂದನ್ನು ಹುಡುಕಿಟ್ಟುಕೊಳ್ಳುತ್ತೇನೆ. ‘ಬೇಡ’ ಎನ್ನಬೇಕಾದಲ್ಲಿ ‘ಒಲ್ಲೆ’ ಎನ್ನುತ್ತೇನೆ. ‘ಕಷ್ಟ’ದ ಜಾಗದಲ್ಲಿ ‘ತ್ರಾಸು’ ಬರುತ್ತದೆ. ಬೆಂಗಳೂರಿನ ಜನ ಇದನ್ನು ಉತ್ತರ ಕರ್ನಾಟಕದ ಭಾಷೆ ಎಂದುಕೊಂಡು ನಗುತ್ತಾರೆ. ಅದು ನನಗೆ ಅನುಕೂಲವೇ ಆಯಿತು.

ಮೊದಲು ಬಾಡಿಗೆಗೆ ಬಂದಾಗ ಕಗ್ಗದಾಸಪುರ ಎಂಬ ಹೆಸರು ನೋಡಿ ಹೆದರಿದ್ದೆ. ಆಟೋದವರಿಗೆ ಹೇಳಲಾಗದೆ ಎಷ್ಟೋ ಸಲ ‘ನಾಗವಾರಪಾಳ್ಯ’ ಎಂದು ಹೇಳಿ, ಅಲ್ಲಿ ಇಳಿದು, ಉಳಿದ ದಾರಿ ನಡೆದಿದ್ದೇನೆ. ಆ್ಯಪ್ ಬಂದ ಮೇಲೆ ಆ ಕಷ್ಟ ತಪ್ಪಿತು. ಓಟಿಪಿ ಕೇಳಿದರೆ ಫೋನನ್ನೇ ತಿರುಗಿಸಿ ತೋರಿಸುತ್ತೇನೆ. ಆಫೀಸಿನಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ನೋಡಿ ತಪ್ಪು ಗುರುತಿಸುವ ಕೆಲಸ. ಕೆಂಪು ಗೆರೆ ಎಳೆದರೆ ಮುಗಿಯಿತು, ಮಾತು ಬೇಕಿಲ್ಲ.

ಮಗಳೊಂದಿಗೆ ಓದುವುದು ಮಾತ್ರ ಬೇರೆ. ಅವಳು ನನ್ನ ತೊಡೆಗೆ ಆತುಕೊಂಡು ಕೂರುತ್ತಾಳೆ, ಸಾಲಿನ ಕೆಳಗೆ ಬೆರಳು ಓಡಿಸುತ್ತಾಳೆ, ಇಬ್ಬರೂ ದನಿಗೂಡಿಸಿ ಓದುತ್ತೇವೆ. ಇನ್ನೊಬ್ಬರ ದನಿಯ ಜೊತೆಗೆ ಓದಿದರೆ ನನಗೆ ಉಗ್ಗು ಬರುವುದಿಲ್ಲ. ಯಾಕೋ ಗೊತ್ತಿಲ್ಲ; ಶಾಲೆಯಲ್ಲಿ ಎಲ್ಲರ ಜೊತೆ ಪ್ರಾರ್ಥನೆ ಹೇಳುವಾಗಲೂ ಬರುತ್ತಿರಲಿಲ್ಲ. ಅವಳ ಕಿವಿಯಲ್ಲಿ ನಾನು ಚೆನ್ನಾಗಿ ಓದುವವನು. ಸುಳ್ಳು ಹೇಳಿರಲಿಲ್ಲ ಅವಳು.

ಶಾಲೆ ಹಲಸೂರಿನಲ್ಲಿದೆ. ಹೆಂಡತಿಯ ಆಫೀಸು ಇಂದಿರಾನಗರದಲ್ಲಿ ಇರುವುದರಿಂದ ಬೆಳಿಗ್ಗೆ ಅವಳೇ ಸ್ಕೂಟರಿನಲ್ಲಿ ಮಗಳನ್ನು ಬಿಟ್ಟು ಹೋಗುತ್ತಾಳೆ. ಶಾಲೆಗೆ ಸಂಬಂಧಿಸಿದ ಮಾತುಕತೆ ಎಲ್ಲವೂ ಅವಳದೇ. ಅಂದು ಅಡುಗೆಮನೆಯಲ್ಲಿ ಅವಳು ದನಿ ತಗ್ಗಿಸಿ ಕೇಳಿದಳು. “ಏನ್ ಮಾಡ್ತೀರಿ? ಬೇಕಾದ್ರೆ ನಾನೇ ಓದ್ತೀನಿ ಅಂತ ಮಿಸ್ಸಿಗೆ ಹೇಳ್ಲಾ?”

ಮಗಳು ಹೊರಗಿನಿಂದಲೇ ಕೇಳಿಸಿಕೊಂಡಳು. “ಅಮ್ಮ ಬೇಡ! ಅಮ್ಮ ಬೇಗ ಬೇಗ ಓದಿ ಮುಗಿಸ್ಬಿಡ್ತಾಳೆ!”

“ನಾನೇ ಹೇಳತೀನಿ ಆಗಂಗಿಲ್ಲಂತ,” ಎಂದೆ ಹೆಂಡತಿಗೆ.

ಸೋಮವಾರ ಊಟದ ಬಿಡುವಿನಲ್ಲಿ ಆಫೀಸಿನ ಮೆಟ್ಟಿಲ ಬಳಿ ನಿಂತು ಕ್ಲಾಸ್ ಟೀಚರಿಗೆ ಫೋನ್ ಮಾಡಿದೆ. ಫೋನ್ ಎಂದರೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯ. ಎದುರಿಗಿರುವವರು ಬಾಯಿಯನ್ನಾದರೂ ನೋಡುತ್ತಾರೆ, ಏನೋ ಬರುತ್ತಿದೆ ಎಂದು ಕಾಯುತ್ತಾರೆ. ಫೋನಿನಲ್ಲಿ ಮೌನವಷ್ಟೇ ಕೇಳಿಸುವುದು. “ಹಲೋ? ಹಲೋ? ಯಾರು?” ಎಂದರು ಅವರು. ನನ್ನ ಹೆಸರು ಹೇಳಬೇಕಿತ್ತು. ಜಗತ್ತಿನಲ್ಲಿ ಬದಲಿ ಪದವಿಲ್ಲದ ಮಾತು ಎಂದರೆ ಸ್ವಂತ ಹೆಸರು ಒಂದೇ. ಕಣ್ಣು ಮುಚ್ಚಿದೆ, ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿದೆ. ಬರಲಿಲ್ಲ. “ನೆಟ್‌ವರ್ಕ್ ಇಲ್ಲ ಅನ್ಸುತ್ತೆ,” ಎಂದು ಅವರು ಇಟ್ಟುಬಿಟ್ಟರು.

ಮಂಗಳವಾರ ತಡವಾಗಿ ಬರುತ್ತೇನೆಂದು ಆಫೀಸಿಗೆ ಮೆಸೇಜ್ ಹಾಕಿ, ಮಗಳನ್ನು ನಾನೇ ಸ್ಕೂಟರಿನಲ್ಲಿ ಶಾಲೆಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ: ಮಿಸ್, ಶನಿವಾರ ನನಗೆ ಬರೋಕಾಗಲ್ಲ. ರೈಲ್ವೆ ಗೇಟಿನಲ್ಲಿ ಕಾಯುವಾಗ ಮಗಳಿಗೂ ಕೇಳಿಸದಂತೆ ಹೆಲ್ಮೆಟ್ಟಿನೊಳಗೆ ಬಾಯಿಬಿಟ್ಟು ಹೇಳಿ ನೋಡಿದೆ. ನೀರಿನಂತೆ ಬಂತು. ಯಾರೂ ಕೇಳಿಸಿಕೊಳ್ಳದಿದ್ದಾಗ ಯಾವಾಗಲೂ ಹೀಗೆಯೇ, ನನ್ನಂಥ ಮಾತುಗಾರ ಇನ್ನೊಬ್ಬನಿರುವುದಿಲ್ಲ.

ಟೀಚರ್ ಗೇಟಿನ ಬಳಿಯೇ ಇದ್ದರು. ಫ್ರೇಜರ್ ಟೌನಿನವರು, ಐವತ್ತು ದಾಟಿದ ಹೆಂಗಸು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಅವರು ಮಕ್ಕಳಿಗೆ ಕನ್ನಡ ಕಲಿಸುವುದರಲ್ಲಿ ಆ ಶಾಲೆಯಲ್ಲೇ ಹೆಸರಾದವರು. ಮಗಳ ಜೊತೆ ನನ್ನನ್ನು ನೋಡುತ್ತಲೇ ಮುಖ ಅರಳಿಸಿದರು.

“ಮಿಸ್, ಶನಿವಾರ ನನಗೆ ಬ…” ಎಂದೆ. ಅಷ್ಟೇ. ತುಟಿ ಅಂಟಿಕೊಂಡಿತು.

“ಬರೋಕೆ ಎಷ್ಟು ಗಂಟೆಗೆ ಅಂತಾನಾ ಸರ್? ಹನ್ನೊಂದಕ್ಕೆ ಶುರು. ಹತ್ತೂವರೆಗೆ ಬಂದ್ರೆ ಸಾಕು.”

ತಲೆಯಾಡಿಸಿದೆ. ಇದು ನನ್ನ ಹಳೆಯ ಚಾಳಿ. ನನ್ನ ವಾಕ್ಯವನ್ನು ಬೇರೆಯವರು ಮುಗಿಸಿದರೆ, ಅವರು ಏನು ಮುಗಿಸಿದ್ದಾರೋ ಅದನ್ನೇ ಒಪ್ಪಿಕೊಂಡುಬಿಡುತ್ತೇನೆ. ಹೀಗೆ ಬೇಡದ ತಿಂಡಿ ತಿಂದಿದ್ದೇನೆ, ಬೇಡದ ಬಣ್ಣದ ಅಂಗಿ ಕೊಂಡಿದ್ದೇನೆ.

“ಇರಿ ಸರ್, ಪುಸ್ತಕ ಕೊಡ್ತೀನಿ, ಒಂದ್ಸಲ ನೋಡ್ಕೊಂಡಿರಿ,” ಎಂದು ಒಳಗೆ ಹೋಗಿ ತಂದುಕೊಟ್ಟರು. ದೊಡ್ಡ ಚಿತ್ರಗಳಿದ್ದ ತೆಳು ಪುಸ್ತಕ. ಮುಖಪುಟದಲ್ಲಿ ನೀರಿನ ಟ್ಯಾಂಕರ್, ಅದರ ಮೇಲೆ ಕಪ್ಪೆ. ಕೆರೆ ಬತ್ತಿದಾಗ ಕಪ್ಪೆಯೊಂದು ಟ್ಯಾಂಕರನ್ನೇ ಹೊಸ ಕೆರೆ ಎಂದುಕೊಂಡು ಅದರೊಳಗೆ ಹಾರಿ ಊರೆಲ್ಲ ಸುತ್ತುವ ಕಥೆ. ಸ್ಕೂಟರಿನ ಮೇಲೆ ಕೂತೇ ತಿರುವಿ ನೋಡಿದೆ. ಕಪ್ಪೆ ಕೂಗಿತು. ಕಪ್ಪೆ ಕುಣಿಯಿತು. ಕಪ್ಪೆ ಕಣ್ಣು ಬಿಟ್ಟಿತು. ಒಂದು ಪುಟದಲ್ಲೂ ನನಗೆ ಉಸಿರಾಡಲು ಜಾಗವಿರಲಿಲ್ಲ. ‘ಮಂಡೂಕ’ ಎಂದು ಓದಿದರೆ ಹೇಗೆ ಎಂದೂ ಯೋಚಿಸಿದೆ. ಆರು ವರ್ಷದ ಮಕ್ಕಳಿಗೆ ಮಂಡೂಕ!

ಬುಧವಾರ ಟೀಚರಿಗೆ ಮೆಸೇಜ್ ಬರೆದೆ: ಆಫೀಸಿನಲ್ಲಿ ತುರ್ತು ಕೆಲಸವಿದೆ, ಕ್ಷಮಿಸಿ. ಕಳಿಸುವ ಮುಂಚೆ ಮಗಳು ಬಂದು ಒಂದು ಚಾರ್ಟ್ ತೋರಿಸಿದಳು. ಹಸಿರು ಕಪ್ಪೆ ಬರೆದು, ಅದರ ಪಕ್ಕದಲ್ಲಿ ಮೀಸೆ ಇರುವ ನನ್ನನ್ನು ಬರೆದಿದ್ದಳು. ತನ್ನ ಕ್ಲಾಸಿನ ಬಾಗಿಲಿಗೆ ಅಂಟಿಸಲಿಕ್ಕಂತೆ. ಮೆಸೇಜ್ ಅಳಿಸಿದೆ.

ನನಗೆ ಆಗುವ ಅವಮಾನದ ಚಿಂತೆ ಒಂದು ಕಡೆ, ಅದು ಅಭ್ಯಾಸವಾದದ್ದು. ಇನ್ನೊಂದು ಚಿಂತೆಯನ್ನು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ನಮ್ಮ ಅಪ್ಪನಿಗೂ ಸ್ವಲ್ಪ ಉಗ್ಗು ಇತ್ತು. ಮಗಳು ಮಾತು ಕಲಿತಾಗಿನಿಂದ ನಾನು ಅವಳ ಪ್ರತಿ ವಾಕ್ಯದ ಮೊದಲ ಅಕ್ಷರಕ್ಕೆ ಕಿವಿ ಕೊಟ್ಟು ಕೂತಿದ್ದೇನೆ. ಮೂರು ವರ್ಷದವಳಿದ್ದಾಗ ಒಂದೆರಡು ತಿಂಗಳು ‘ನಂ ನಂ ನಂಗೆ’ ಎನ್ನುತ್ತಿದ್ದಳು. ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಹಾಗೆ ಮಾಡುತ್ತಾರೆ, ಹೋಗುತ್ತದೆ ಎಂದರು ಡಾಕ್ಟರು. ಹೋಯಿತು ಕೂಡ. ನನ್ನ ಹೆದರಿಕೆ ಹೋಗಲಿಲ್ಲ. ಈಗ ಅವಳ ಗೆಳತಿಯರ ಎದುರು ನಾನು ಉಗ್ಗಿದರೆ, ಅವರು ನಕ್ಕರೆ, ಆ ನಗು ಇವಳ ಗಂಟಲಿಗೆ ಇಳಿದರೆ ಎಂದೆಲ್ಲ ಯೋಚನೆ ಬರುತ್ತಿತ್ತು. ತರ್ಕವಿಲ್ಲದ್ದು ಎಂದು ಗೊತ್ತಿತ್ತು. ಗೊತ್ತಿದ್ದು ಏನು ಉಪಯೋಗ?

ಶನಿವಾರ ಮೂವರೂ ಹೋದೆವು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಬೆಂಚುಗಳ ಮೇಲೆ ಪುಸ್ತಕ ಜೋಡಿಸಿದ್ದರು. ಒಂದು ಕಡೆ ಇಂಗ್ಲಿಷಿನವು, ಇನ್ನೊಂದು ಕಡೆ ಕನ್ನಡದವು. ಮೂಲೆಯಲ್ಲಿ ತಾಯಂದಿರು ಸಮೋಸ, ಕೇಕು, ಪಾನಕ ಇಟ್ಟುಕೊಂಡು ಕೂತಿದ್ದರು. ಇಂಗ್ಲಿಷ್ ಬೆಂಚಿನ ಮುಂದೆ ನೂಕುನುಗ್ಗಲು. ಕನ್ನಡ ಬೆಂಚಿನ ಹಿಂದೆ ಶಿವಾಜಿನಗರದಿಂದ ಪುಸ್ತಕ ತಂದಿದ್ದ ಅಂಗಡಿಯವರು, ಗಡ್ಡ ನರೆತ ಮನುಷ್ಯ, ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅವರ ಮುಂದೆ ಕಪ್ಪೆಯ ಪುಸ್ತಕದ ಒಂದು ರಾಶಿಯೇ ಇತ್ತು.

“ಟೆನ್ಷನ್ನಾ ಸರ್? ಚಿಕ್ಕ ಮಕ್ಕಳು, ಅಷ್ಟೆ,” ಎಂದು ಟೀಚರ್ ನನ್ನನ್ನು ಓದುವ ಕೋಣೆಗೆ ಕರೆದುಕೊಂಡು ಹೋದರು. ಚಾವಣಿಯಲ್ಲಿ ನೀರಿಳಿದ ಕಲೆಗಳಿದ್ದವು. ಕೆಳಗೆ ಜಮಖಾನೆಯ ಮೇಲೆ ನಲವತ್ತೋ ಐವತ್ತೋ ಮಕ್ಕಳು. ಗೋಡೆಯುದ್ದಕ್ಕೂ ತಂದೆತಾಯಿಗಳು, ಕೆಲವರ ಕೈಯಲ್ಲಿ ಫೋನು. ಮಗಳು ಎದುರಿನ ಸಾಲಿನಲ್ಲಿ ಕೂತು ಪಕ್ಕದವಳಿಗೆ ನನ್ನನ್ನು ತೋರಿಸುತ್ತಿದ್ದಳು. ಹೆಂಡತಿ ಬಾಗಿಲ ಹತ್ತಿರ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಚಿಕ್ಕ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದೆ. “ಒಂದೂರಿನಲ್ಲಿ ಒಂದು ಕೆರೆ ಇತ್ತು.” ಬಂತು. ನನಗೇ ಆಶ್ಚರ್ಯ. “ಆ ಕೆರೆಯಲ್ಲಿ ಒಂದು…”

ಗಂಟಲು ಮುಚ್ಚಿತು.

ಎಷ್ಟು ಹೊತ್ತು ಎಂದು ಹೇಳಲಾರೆ. ಬೇರೆಯವರಿಗೆ ನಾಲ್ಕೈದು ಸೆಕೆಂಡಿರಬಹುದು. ಕಣ್ಣು ತಾನಾಗಿ ಮುಚ್ಚಿತು, ಗದ್ದ ನಡುಗಿತು. ಯಾರದೋ ಫೋನು ಟಿಣ್ ಎಂದಿತು. ಒಂದು ಮಗು ಕಿಸಕ್ಕನೆ ನಕ್ಕಿತು. “ಕಪ್ಪೆ,” ಎಂದೆ ಕೊನೆಗೆ, ಕೆಮ್ಮಿದ ಹಾಗೆ.

ಮುಂದಿನ ಸಾಲಿನಲ್ಲಿ ಮತ್ತೆ ಕಪ್ಪೆ. ಮತ್ತೆ ನಿಂತಿತು. ಇನ್ನೊಂದಿಬ್ಬರು ನಕ್ಕರು. ಗೋಡೆಯ ಬಳಿ ಯಾರೋ ‘ಶ್’ ಎಂದರು, ಅದು ನಗುವಿಗಿಂತ ಹೆಚ್ಚು ಚುಚ್ಚಿತು. ಎದ್ದು ಹೋಗಿಬಿಡಲೇ ಎನಿಸಿತು. ಬಾಗಿಲ ಕಡೆ ನೋಡಿದರೆ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮಗಳ ಮುಖ ನೋಡಲು ಮಾತ್ರ ಧೈರ್ಯವಾಗಲಿಲ್ಲ. ಪುಸ್ತಕದಲ್ಲೇ ಕಣ್ಣು ನೆಟ್ಟು ಓದುತ್ತಾ ಹೋದೆ. ಬದಲಿ ಪದ ಹುಡುಕಲು ಅಲ್ಲಿ ದಾರಿಯಿರಲಿಲ್ಲ; ಬರೆದದ್ದನ್ನೇ ಹೇಳಬೇಕು. ಬರುವವರೆಗೆ ಕಾಯಬೇಕು, ಬಂದ ಮೇಲೆ ಮುಂದಕ್ಕೆ ಹೋಗಬೇಕು.

ಮೂರನೇ ಪುಟದ ಹೊತ್ತಿಗೆ ನಗು ನಿಂತಿತ್ತು. ಕಪ್ಪೆ ಟ್ಯಾಂಕರಿಗೆ ಹಾರುವ ಪುಟದಲ್ಲಿ ನಾನು ಮತ್ತೆ ಸಿಕ್ಕಿಹಾಕಿಕೊಂಡೆ. ಆಗ ಮುಂದಿದ್ದ ಒಬ್ಬ ಹುಡುಗಿ, “ಬಿದ್ಬಿಡ್ತಾ?” ಎಂದಳು. ಇನ್ನೊಂದು ಮಗು, “ಇಲ್ಲ ಕಣೇ, ಹಾರತ್ತೆ, ನೋಡು,” ಎಂದಿತು. ನಾನು ತಡೆದು ನಿಂತಾಗೆಲ್ಲ ಅವರು ಮುಂದೇನಾಗುತ್ತದೆಂದು ತಮ್ಮತಮ್ಮಲ್ಲಿ ವಾದ ಶುರು ಮಾಡಿದರು. ಟ್ಯಾಂಕರ್ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಿತು. ಆಮೇಲೆ ಒಂದು ಅಪಾರ್ಟ್‌ಮೆಂಟಿನ ಮುಂದೆ ಬಂದು ನಿಂತಿತು. ಡ್ರೈವರು ಪೈಪು ಸಿಕ್ಕಿಸಿದ. ನೀರಿನ ಜೊತೆಗೆ ಕಪ್ಪೆಯೂ ನೆಲದಡಿಯ ಸಂಪಿನ ಕತ್ತಲೆಗೆ ಜಾರಿತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಕಥಾ ಸಮಯಕ್ಕೆ ಕೊಟ್ಟಿದ್ದ ಅರ್ಧ ಗಂಟೆ ಮುಗಿದಿತ್ತು. ಮುಂದೆ ಮೂರನೇ ತರಗತಿಯವರ ಗಾಯನ. ಅರ್ಧ ಪುಸ್ತಕ ಇನ್ನೂ ಉಳಿದಿತ್ತು.

“ಸರ್, ಮುಂದೆ? ಕಪ್ಪೆ ಸತ್ತೋಯ್ತಾ?”

ಟೀಚರ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಎಬ್ಬಿಸಿದರು. ಮಕ್ಕಳು ಎದ್ದು, ಹೊರಗೆ ಹೋಗಿ, ತಂದೆತಾಯಿಗಳ ಕೈ ಎಳೆಯುತ್ತಾ ಕನ್ನಡ ಬೆಂಚಿಗೆ ಓಡಿದರು. ನಾನು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ರಾಶಿ ಕರಗುತ್ತಿತ್ತು. ಗಡ್ಡದ ಅಂಗಡಿಯವರು ರಟ್ಟು ಪಕ್ಕಕ್ಕಿಟ್ಟು, “ಏನ್ ಸಾಬ್, ಅರ್ಧಕ್ಕೇ ನಿಲ್ಸಿದ್ರಂತೆ? ಒಳ್ಳೇ ಐಡಿಯಾ ಮಾಡಿದ್ರಿ,” ಎಂದು ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ಒಬ್ಬ ತಾಯಿ ನನ್ನ ತೋಳು ಮುಟ್ಟಿ, “ಪಾಪ, ಎಷ್ಟು ಕಷ್ಟಪಟ್ಟು ಓದಿದ್ರಿ,” ಎಂದರು. ಆ ‘ಪಾಪ’ ಮನೆಯವರೆಗೂ ನನ್ನ ಜೊತೆ ಬಂತು.

ಮಗಳೂ ಹೆಚ್ಚು ಮಾತಾಡಲಿಲ್ಲ. ಸ್ಕೂಟರಿನಲ್ಲಿ ಮುಂದೆ ನಿಂತು ರಸ್ತೆ ನೋಡುತ್ತಿದ್ದಳು. ಯಾವಾಗಲೂ ಬೋರ್ಡುಗಳನ್ನೆಲ್ಲ ಓದಿಕೊಂಡು ಬರುವವಳು. ಅವಳಿಗೆ ನಾಚಿಕೆಯಾಗಿದೆ, ನಾಳೆಯಿಂದ ನನ್ನ ಜೊತೆ ಓದುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಏನಾಯಿತು ಎಂದು ಕೇಳಲಿಲ್ಲ. ಕೇಳುವುದಕ್ಕೇ ಹೆದರಿಕೆ.

ಭಾನುವಾರ ಬೆಳಿಗ್ಗೆ ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋದಾಗ ಒಳಗಿನ ಕೋಣೆಯಿಂದ ಅವಳ ದನಿ ಕೇಳಿಸಿತು. “ಆ ಕೆರೆಯಲ್ಲಿ ಒಂದು ಕ್… ಕ್… ಕಪ್ಪೆ ಇತ್ತು.”

ಕೈಯಲ್ಲಿದ್ದ ಒದ್ದೆ ಟವೆಲ್ ಜಾರಿತು. ಬಂತು, ಬಂದೇಬಿಟ್ಟಿತು ಎಂದುಕೊಂಡೆ. ಬಾಗಿಲಲ್ಲಿ ನಿಂತು ನೋಡಿದರೆ ಅವಳು ಹಾಸಿಗೆಯ ಮೇಲೆ ಗೊಂಬೆಗಳನ್ನು ಸಾಲಾಗಿ ಕೂರಿಸಿಕೊಂಡು, ಕಣ್ಣು ಮುಚ್ಚಿ, ಗದ್ದ ಎತ್ತಿ ಓದುತ್ತಿದ್ದಳು.

“ಯಾಕ ಹಂಗ ಓದಾಕತ್ತಿ?” ಎಂದೆ.

“ನಿನ್ನ ಥರ ಓದ್ತಿದೀನಿ. ಮಿಸ್ ಓದುವಾಗ ಎಲ್ರೂ ಗಲಾಟೆ ಮಾಡ್ತಾರೆ. ನೀನು ನಿಲ್ಸಿದ್ಯಲ್ಲ, ಆವಾಗ ಯಾರೂ ಅಲ್ಲಾಡಲಿಲ್ಲ.”

ಹೌದು ಎಂದುಬಿಡಬಹುದಿತ್ತು. ಬೇಕೆಂದೇ ಹಾಗೆ ಓದಿದೆ ಎಂದರೆ ಅವಳು ನಂಬುತ್ತಿದ್ದಳು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಹಾಸಿಗೆಯ ಅಂಚಿನಲ್ಲಿ ಕೂತೆ.

“ನಾ ಬೇಕಂತ ನಿಲ್ಸಿದ್ದಲ್ಲವ್ವಾ. ಅದು ತಾನ ನಿಂತುಬಿಡ್ತದ. ಮಾತು ಹೊರಗ ಬ… ಬರಂಗಿಲ್ಲ.”

ಅವಳು ಗೊಂಬೆಯ ಕೂದಲು ಸರಿಮಾಡುತ್ತಾ ಯೋಚಿಸಿದಳು. “ಫೋನಲ್ಲಿ ಆಗತ್ತಲ್ಲ, ಹಾಗಾ?”

ನೋಡಿದ್ದಳು. ಇಷ್ಟು ದಿನ ಎಲ್ಲ ನೋಡಿದ್ದಳು, ಅದಕ್ಕೊಂದು ಹೆಸರಿದೆ ಎಂದು ತಿಳಿದಿರಲಿಲ್ಲ, ಅಷ್ಟೇ.

“ಹೂಂ. ಹಂಗ.”

“ನಿನ್ನೆ ಒಬ್ಬಳು ನಿನ್ನ ಥರ ಮಾಡಿ ತೋರ್ಸಿದ್ಲು. ನಂಗೆ ಅಳು ಬಂತು. ನಿಂಗೆ ಹೇಳ್ಲಿಲ್ಲ.” ಗೊಂಬೆಯನ್ನು ಪಕ್ಕಕ್ಕಿಟ್ಟು ಕೇಳಿದಳು. “ನಂಗೂ ಬರತ್ತಾ ಅದು?”

ಐದು ವರ್ಷದಿಂದ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು ಅವಳು ಅಷ್ಟು ಸಲೀಸಾಗಿ ಕೇಳಿದಳು.

“ಬರಂಗಿಲ್ಲ ಅನಿಸ್ತದ. ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲ,” ಎಂದೆ. “ಬಂದ್ರ ಮುಚ್ಚಿಡಬ್ಯಾಡ. ನನಗ ಮೊದಲ ಹೇಳು.”

“ಸರಿ. ನಾಳೆ ಕ್ಲಾಸಲ್ಲಿ ಹೇಳ್ಲಾ, ನೀನು ಬೇಕಂತ ಮಾಡಿದ್ದಲ್ಲ ಅಂತ?”

ಬೇಡ ಎನ್ನಲು ಬಾಯಿ ತೆರೆದವನು, ಅವಳ ಮುಖ ನೋಡಿ, “ಹೇಳು,” ಎಂದೆ. ಸೋಮವಾರ ಇಡೀ ದಿನ ಆಫೀಸಿನಲ್ಲಿ ಒಂದೇ ಡ್ರಾಯಿಂಗನ್ನು ಮೂರು ಸಲ ನೋಡಿ, ಮೂರು ಸಲವೂ ಒಂದೇ ತಪ್ಪನ್ನು ಬಿಟ್ಟೆ. ಮಧ್ಯಾಹ್ನ ಟೀಚರಿಂದ ಮೆಸೇಜ್ ಬಂತು. ಮಕ್ಕಳು ಕಪ್ಪೆಯ ಕಥೆ ಮೊದಲಿನಿಂದ ಪೂರ್ತಿ ಕೇಳಬೇಕು ಅನ್ನುತ್ತಿದ್ದಾರೆ, ಪುಸ್ತಕ ಕೊಂಡವರೂ ನೀವೇ ಓದಬೇಕು ಅನ್ನುತ್ತಾರೆ, ಇನ್ನೊಂದು ಶನಿವಾರ ಬಿಡುವಾಗುತ್ತದೆಯೇ ಎಂದು ಕೇಳಿದ್ದರು. ಮಗಳು ಹೇಳಿದ್ದಳೋ ಇಲ್ಲವೋ, ಅದರಲ್ಲಿ ಏನೂ ಇರಲಿಲ್ಲ.

ಉತ್ತರ ಬರೆಯಲು ತುಂಬಾ ಹೊತ್ತು ಹಿಡಿಯಿತು. ಬರೆದೆ, ಅಳಿಸಿದೆ. ಕೊನೆಗೆ ಹೀಗೆ ಬರೆದೆ: ‘ಬರುತ್ತೇನೆ ಮಿಸ್. ಆದರೆ ಅರ್ಧ ಗಂಟೆ ಸಾಲುವುದಿಲ್ಲ. ನನಗೆ ಉಗ್ಗು ಇದೆ, ಒಂದು ಗಂಟೆಯಾದರೂ ಬೇಕಾಗುತ್ತದೆ.’ ಕಳಿಸಿದ ಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಉತ್ತರ ಬಂದಿದೆಯೇ ಎಂದು ನೋಡುವ ಧೈರ್ಯವಾಗದೆ, ಅದನ್ನು ಅಲ್ಲಿಯೇ ಬಿಟ್ಟು ಚಹಾ ಕುಡಿಯಲು ಕೆಳಗಿಳಿದು ಹೋದೆ.